ನಿಮಗಿದು ಗೊತ್ತೆ? ಓಟಗಾರನ ಬಲ ಹಠಾತ್ತನೆ ಉಡುಗುವುದೇಕೆ
ದೀರ್ಘ ದೂರವನ್ನು ಲೀಲಾಜಾಲವಾಗಿ ಕ್ರಮಿಸುತ್ತಿದ್ದ ಓಟಗಾರನು ಸುಮಾರು 30 ಕಿಲೋಮೀಟರಿನ ಆಸುಪಾಸಿನಲ್ಲಿ ಕಾಲು ಕಿತ್ತಿಡಲಾರದೆ, ತಲೆ ಸುತ್ತಿ ನಿಂತುಬಿಡುವುದುಂಟು. ಇದು ಮನೋದೌರ್ಬಲ್ಯವಲ್ಲ, ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಚಿತವಾಗಿದ್ದ ಗ್ಲೈಕೋಜೆನ್ ಎಂಬ ಶರ್ಕರಸಂಗ್ರಹವು ಬರಿದಾಗಿ, ದೇಹದಲ್ಲಿ ಕೊಬ್ಬು ಎಷ್ಟೇ ಹೇರಳವಾಗಿದ್ದರೂ ಅದರಿಂದ ಶಕ್ತಿಯು ಬೇಕಾದಷ್ಟು ವೇಗವಾಗಿ ಒದಗದಿರುವುದರ ಫಲ. ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರು 1920ರ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ, ಇಂದಿನ ಮ್ಯಾರಥಾನಿಗಿಂತಲೂ ತುಸು ದೀರ್ಘವಾದ 42.75 ಕಿಲೋಮೀಟರನ್ನು 2 ಗಂಟೆ 50 ನಿಮಿಷಗಳಲ್ಲಿ ಓಡಿ 19ನೆಯವರಾದದ್ದು, ಈ ದೃಷ್ಟಿಯಿಂದ ನೋಡಿದರೆ, ಎಂಥ ಸಾಧನೆ! ಕುಪ್ಪಗಡ್ಡೆಯಂಥ ಸೊರಬ ಸೀಮೆಯ ಊರುಗಳಲ್ಲಿ ದಣಿದು ಬಂದವರಿಗೆ ಬೆಲ್ಲ-ನೀರು ಕೊಡುವ ಹಿರಿಯರ ರೂಢಿಯು ಶರೀರಶಾಸ್ತ್ರಕ್ಕೂ ಸಮ್ಮತವಾದುದೇ. ಒಂದು ಗಂಟೆಗೂ ಮಿಕ್ಕಿ ಓಡುವ ತರುಣರು, ಬಲ ಕುಂದುವ ಮುನ್ನವೇ, ಗಂಟೆಗೆ 30ರಿಂದ 60 ಗ್ರಾಂನಷ್ಟು ಶರ್ಕರಾಂಶವನ್ನು ಸೇವಿಸತಕ್ಕದ್ದು.