ಹೊರನಾಡಿಗರ ಕಣ್ಣಿನಲ್ಲಿ ಜಪಾನು

ಈಚಿನ ವರ್ಷಗಳಲ್ಲಿ ನಮ್ಮ ಭಕ್ತರ ಮನೆಗಳ ಪುಸ್ತಕದ ಕಪಾಟಿನಲ್ಲಿ, ವಚನ ಸಂಪುಟಗಳ ಮಗ್ಗುಲಲ್ಲಿಯೇ, ‘ಇಕಿಗೈ’ ಎಂಬ ಹೆಸರಿನ ಸಣ್ಣ ಪುಸ್ತಕವೊಂದು ಕಾಣಸಿಗುವುದುಂಟು. ಮಕ್ಕಳು ಅದನ್ನು ಆದರದಿಂದ ಓದುತ್ತಾರೆ. ಜಪಾನೀಯರ ಪ್ರಾಚೀನ ತತ್ತ್ವಜ್ಞಾನವೆಂದು ಹಿರಿಯರಿಗೂ ವಿವರಿಸುತ್ತಾರೆ. ಆದರೆ 2016ರಲ್ಲಿ ಹೊರಬಂದ ಆ ಪುಸ್ತಕವನ್ನು ಬರೆದವರು ಜಪಾನೀಯರಲ್ಲ. ಎಕ್ಟರ್ ಗಾರ್ಸಿಯಾ, ಫ್ರಾನ್ಸೆಸ್ಕ್ ಮಿರಾಯೆಸ್ ಎಂಬ ಸ್ಪೇನ್ ದೇಶದ ಇಬ್ಬರು ಲೇಖಕರು. ಅವರು ಮಾತನಾಡಿಸಿದ ದೀರ್ಘಾಯುಷಿಗಳು ಒಕಿನಾವಾ ದ್ವೀಪದ ಒಗಿಮಿ ಎಂಬ ಹಳ್ಳಿಯವರು. ಆ ದ್ವೀಪವಾದರೋ 1879ರವರೆಗೆ ಬೇರೆಯೇ ಆದ ರ್ಯೂಕ್ಯೂ ರಾಜ್ಯಕ್ಕೆ ಸೇರಿದ್ದು. ಇಷ್ಟರಿಂದ ಆ ಪುಸ್ತಕ ನಿಷ್ಪ್ರಯೋಜಕವೆಂದು ನಾವು ಹೇಳುತ್ತಿಲ್ಲ. ಹೊರಗಿನವರು ಜಪಾನಿಗೆ ಮನಸೋತ ಬಗೆ ಎಂಥದು, ಸೋತವರು ಏನನ್ನು ಕಂಡರು, ಏನನ್ನು ಕಾಣದೆ ಬಿಟ್ಟರು ಎಂಬ ವಿಚಾರಕ್ಕೆ ಅದು ಒಳ್ಳೆಯ ಬಾಗಿಲು. ಈ ಮನಸೋಲುವಿಕೆಗೆ ನೂರನಲವತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ.

1868ರಲ್ಲಿ ಮೇಜಿ ಚಕ್ರವರ್ತಿಯ ಆಳ್ವಿಕೆ ಆರಂಭವಾದಾಗ ಜಪಾನು ತನ್ನ ಹಳೆಯದನ್ನೆಲ್ಲ ಕಳಚಿ ಎಸೆಯುವ ಆತುರದಲ್ಲಿತ್ತು. ಶಿಂತೋ ಗುಡಿಗಳನ್ನೂ ಬೌದ್ಧ ವಿಹಾರಗಳನ್ನೂ ಬೇರ್ಪಡಿಸಬೇಕೆಂಬ ರಾಜಾಜ್ಞೆ ಹೊರಟಿತು. ಆಜ್ಞೆಯ ಬೆನ್ನಿಗೇ ಜನರ ಆವೇಶವೂ ಸೇರಿ ಎಷ್ಟೋ ವಿಹಾರಗಳು ನೆಲಕಚ್ಚಿದವು, ವಿಗ್ರಹಗಳು ಸೌದೆಯಾದವು. ನಾರಾ ನಗರದ ಕೋಫುಕುಜಿಯ ಐದಂತಸ್ತಿನ ಗೋಪುರ ಕೂಡ ಅತ್ಯಲ್ಪ ಬೆಲೆಗೆ ಮಾರಾಟಕ್ಕೆ ಬಂದಿತ್ತೆಂದು ಹೇಳುತ್ತಾರೆ. ಅದು ಉಳಿದುಕೊಂಡದ್ದು ಪುಣ್ಯ.

ಇಂಥ ಕಾಲದಲ್ಲಿ, 1878ರಲ್ಲಿ, ಅರ್ನೆಸ್ಟ್ ಫೆನೊಲೊಸಾ ಎಂಬ ಇಪ್ಪತ್ತೈದು ವರ್ಷದ ಅಮೆರಿಕದ ತರುಣನು ಟೋಕಿಯೋ ವಿಶ್ವವಿದ್ಯಾಲಯಕ್ಕೆ ಪಾಶ್ಚಾತ್ಯ ತತ್ತ್ವಶಾಸ್ತ್ರ ಕಲಿಸಲು ಬಂದನು. ಕಲಿಸಲು ಬಂದವನು ಕಲಿಯುವವನಾದನು. ಜಪಾನೀಯರು ಬೀದಿಗೆ ಹಾಕುತ್ತಿದ್ದ ಚಿತ್ರಪಟಗಳ ಮುಂದೆ ಅವನು ಬೆರಗಾಗಿ ನಿಂತನು. 1884ರಲ್ಲಿ ತನ್ನ ಶಿಷ್ಯ ಒಕಾಕುರಾ ಕಾಕುಜೊ ಎಂಬವನೊಡನೆ, ಸರ್ಕಾರದ ಅಪ್ಪಣೆ ಹಿಡಿದು, ಹೋರ್ಯೂಜಿ ವಿಹಾರದ ಯುಮೆದೊನೊ ಮಂಟಪದ ಬಾಗಿಲು ತೆರೆಸಿದನು. ಒಳಗಿನ ಮೂರ್ತಿಯನ್ನು ಆ ಕಾಲದ ಯಾರೂ ಕಂಡಿರಲಿಲ್ಲ. ತೆರೆದರೆ ಭೂಕಂಪವಾದೀತೆಂದು ಅಲ್ಲಿಯ ಭಿಕ್ಷುಗಳು ಅಂಜಿದರು. ಸುಮಾರು ಐದುನೂರು ಗಜ ಬಟ್ಟೆಯ ಸುತ್ತನ್ನು ಬಿಚ್ಚಿದ ಮೇಲೆ ಏಳನೆಯ ಶತಮಾನದ ಅವಲೋಕಿತೇಶ್ವರನ ಮೂರ್ತಿ, ಚಿನ್ನದ ತಗಡಿನ ಹೊಳಪು ಮಾಸದೆ, ಕಣ್ಣೆದುರು ನಿಂತಿತೆಂದು ಫೆನೊಲೊಸಾ ತಾನೇ ಬರೆದಿಟ್ಟಿದ್ದಾನೆ. ಮುಂದೆ ಅವನು ಬೌದ್ಧ ದೀಕ್ಷೆ ಪಡೆದನು. 1908ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರೂ ಅವನ ಅಸ್ಥಿ ಇಂದು ಬಿವಾ ಸರೋವರದ ದಡದ ಮೀದೆರಾ ವಿಹಾರದ ನೆರಳಿನಲ್ಲಿದೆ.

ಇಂಥ ಪ್ರೀತಿಗೆ ತಲೆಬಾಗಲೇಬೇಕು. ಆದರೆ ಅದೇ ಪ್ರೀತಿಯೇ ಜಪಾನಿನ ಕಲಾನಿಧಿಯನ್ನು ಕಡಲಾಚೆಗೂ ಸಾಗಿಸಿತೆಂಬುದನ್ನು ಮರೆಯಲಾಗದು. ಫೆನೊಲೊಸಾನ ಸಂಗ್ರಹವೂ, ಅವನ ಗೆಳೆಯ ಬಿಗೆಲೋ ಎಂಬ ವೈದ್ಯನ ಸಂಗ್ರಹವೂ ಕೊನೆಗೆ ಬಾಸ್ಟನ್ ನಗರದ ವಸ್ತುಸಂಗ್ರಹಾಲಯವನ್ನು ಸೇರಿದವು. ಪ್ರಾಚೀನ ಗುಡಿ-ವಿಹಾರಗಳ ರಕ್ಷಣೆಗೆ ಜಪಾನು ಕಾನೂನು ಮಾಡಿದ್ದು 1897ರಲ್ಲಿ. ಪರರು ಬೆಲೆ ಕಟ್ಟಿದ ಮೇಲೆ ಮನೆಯವರು ಬೀಗ ಹುಡುಕಿದರು ಎಂದರೆ ಕಟುವಾದೀತು, ಸುಳ್ಳಾಗದು.

ಜಪಾನಿಗೆ ಹೋದ ಹೊರಗಿನವರೆಲ್ಲ ಹಳೆಯದನ್ನೇ ಅರಸಿ ಹೋದವರೂ ಅಲ್ಲ. ನಮ್ಮ ಸರ್. ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ, 1898ರಲ್ಲಿ, ಆ ದೇಶಕ್ಕೆ ಪ್ರವಾಸ ಮಾಡಿದರು. ಅವರ ಕಣ್ಣು ನೆಟ್ಟದ್ದು ಶಾಲೆಗಳ ಮೇಲೆ, ಕೈಗಾರಿಕೆಯ ಮೇಲೆ. ಅಮೆರಿಕದವನು ವಿಗ್ರಹದ ಮುಂದೆ ಕೈಮುಗಿದು ನಿಂತನು; ಕನ್ನಡಿಗರು ಕಾರ್ಖಾನೆಯ ಲೆಕ್ಕ ಬರೆದುಕೊಂಡು ಬಂದರು. ಯಾರ ಮನೆಯಲ್ಲಿ ಯಾವುದು ಕೊರತೆಯೋ ಅದನ್ನೇ ಅವರು ಪರರ ಮನೆಯಲ್ಲಿ ಮೊದಲು ಕಾಣುವರಷ್ಟೆ.

ಫೆನೊಲೊಸಾನ ಶಿಷ್ಯ ಒಕಾಕುರಾನು ಗುರುವಿಗಿಂತ ದೂರ ನಡೆದವನು. 1902ರಲ್ಲಿ ನಮ್ಮ ದೇಶಕ್ಕೆ ಬಂದು, ಸ್ವಾಮಿ ವಿವೇಕಾನಂದರೊಡನೆ ಬುದ್ಧಗಯೆಗೆ ಹೋಗಿ, ಕಲ್ಕತ್ತೆಯ ಠಾಕೂರರ ಮನೆಯಲ್ಲಿ ಆತ್ಮೀಯನಾಗಿದ್ದನು. 1906ರಲ್ಲಿ ನ್ಯೂಯಾರ್ಕಿನಿಂದ ಅವನ ‘ಚಹಾದ ಪುಸ್ತಕ’ ಪ್ರಕಟವಾಯಿತು. ಜಪಾನೀಯ ಸಂಸ್ಕೃತಿಯ ಬಗೆಗೆ ಹೊರಜಗತ್ತು ಇಂದಿಗೂ ಓದುವ ಗ್ರಂಥಗಳಲ್ಲಿ ಅದು ಮುಖ್ಯವಾದದ್ದು. ಅದನ್ನು ಅವನು ಬರೆದದ್ದು ಇಂಗ್ಲಿಷಿನಲ್ಲಿ. ಜಪಾನೀ ಭಾಷೆಗೆ ಅದು ಬಂದದ್ದು 1929ರಲ್ಲಿ, ಅವನು ಗತಿಸಿ ಹದಿನಾರು ವರ್ಷಗಳಾದ ಮೇಲೆ! ರಷ್ಯಾದ ಮೇಲೆ ಜಪಾನು ಯುದ್ಧ ಗೆದ್ದ ಮರುವರ್ಷವೇ ಬಂದ ಗ್ರಂಥವದು. ಶಾಂತಿಯ ಕಲೆಗಳಲ್ಲಿ ಮುಳುಗಿದ್ದಾಗ ತಮ್ಮನ್ನು ಅನಾಗರಿಕರೆಂದವರು, ರಣರಂಗದಲ್ಲಿ ಹೆಣ ಉರುಳಿಸಿದಾಗ ನಾಗರಿಕರೆಂದರಲ್ಲ ಎಂಬ ವ್ಯಂಗ್ಯ ಅದರ ಮೊದಲ ಪುಟಗಳಲ್ಲೇ ಇದೆ. ಸಮುರಾಯಿಗಳ ಧರ್ಮವನ್ನು ಜಗತ್ತಿಗೆ ಸಾರಿದ ‘ಬುಶಿದೋ’ ಗ್ರಂಥದ ಕತೆಯೂ ಇಂಥದೇ. 1900ರಲ್ಲಿ ಬಂದ ಅದನ್ನು ಅಮೆರಿಕದಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆದವನು ನಿತೋಬೆ ಇನಾಜೊ, ಕ್ರೈಸ್ತಮತವನ್ನು ಒಪ್ಪಿದ ಜಪಾನೀಯನು. ಹೀಗೆ ಹೊರಗಿನವರಿಗೆ ಕಂಡ ಜಪಾನು ಒಂದು ಪಾಲು ಅವರಿಗಾಗಿಯೇ ಹಿಡಿದ ಕನ್ನಡಿ.

ಹಾಗಾದರೆ ಆ ಆಕರ್ಷಣೆ ಬರಿಯ ಭ್ರಮೆಯೇ? ಅಲ್ಲವೆಂಬುದೇ ನಮ್ಮ ಅಭಿಪ್ರಾಯ. ತತ್ತ್ವವನ್ನು ಮಾತಿನಿಂದ ಇಳಿಸಿ ಕೈಗೆ ಕೊಟ್ಟದ್ದು ಆ ನಾಡಿನ ಹೆಗ್ಗಳಿಕೆ. ಕ್ಯೋತೋ ಪ್ರಾಂತದ ಯಮಾಝಾಕಿಯ ಮ್ಯೋಕಿಆನ್ ವಿಹಾರದಲ್ಲಿ ‘ತೈಆನ್’ ಎಂಬ ಚಹಾಕುಟೀರವೊಂದಿದೆ. ಸೆನ್ ನೊ ರಿಕ್ಯೂ ಕಟ್ಟಿಸಿದ್ದೆಂದು ಪ್ರತೀತಿ. ಕುಳಿತುಕೊಳ್ಳುವ ಜಾಗ ಎರಡು ಚಾಪೆಯಷ್ಟು ಮಾತ್ರ, ಎಂದರೆ ಹೆಚ್ಚುಕಡಿಮೆ ಆರಡಿಗೆ ಆರಡಿ. ಗೋಡೆ ಮಣ್ಣಿನದು. ಬಾಗಿಲು ಸುಮಾರು ಎರಡೂವರೆ ಅಡಿ ಎತ್ತರ. ಎಂಥ ದೊರೆಯಾದರೂ ಮೊಣಕಾಲೂರಿ, ತಲೆ ತಗ್ಗಿಸಿ, ನುಸುಳಿಯೇ ಒಳಗೆ ಬರಬೇಕು. ಸೊಂಟದ ಕತ್ತಿ ಹೊರಗೇ ಉಳಿಯಬೇಕು. ವಿನಯದ ಮೇಲೆ ನೂರು ಉಪನ್ಯಾಸಗಳು ಮಾಡಲಾರದ ಕೆಲಸವನ್ನು ಆ ಬಾಗಿಲು ಮಾಡುತ್ತದೆ. ಒಳಗೆ ನಡೆಯುವುದೇನು? ನೀರು ಕಾಯಿಸುವುದು, ಬಟ್ಟಲು ಒರೆಸುವುದು, ಚಹಾ ಕಲಕಿ ಅತಿಥಿಗೆ ಕೊಡುವುದು. ಬಟ್ಟಲೂ ಹೊಳಪಿನ ಚೀನೀ ಪಿಂಗಾಣಿಯಲ್ಲ. ಹೆಂಚಿನ ಕಸುಬಿನಿಂದ ಬಂದ ಚೋಜಿರೋ ಎಂಬವನು ಕೈಯಲ್ಲೇ ತಟ್ಟಿ ಮಾಡಿದ ಕಪ್ಪು ಮಣ್ಣಿನ ಬಟ್ಟಲು.

ಇದರ ಬೇರು ಇನ್ನೂ ಹಿಂದಿನ ಝೆನ್ ವಿಹಾರಗಳ ಅಡುಗೆಮನೆಯಲ್ಲಿದೆ. ಜಪಾನಿನಲ್ಲಿ ಸೋತೋ ಝೆನ್ ಪಂಥವನ್ನು ನೆಲೆಗೊಳಿಸಿದ ದೋಗೆನ್ ಇಪ್ಪತ್ಮೂರರ ತರುಣನಾಗಿ 1223ರಲ್ಲಿ ಚೀನಾಕ್ಕೆ ಹೋದನು. ಅಲ್ಲಿಯ ವಿಹಾರವೊಂದರಲ್ಲಿ, ಸುಡುವ ಮಧ್ಯಾಹ್ನ, ಅರುವತ್ತೆಂಟು ವರ್ಷದ ಮುದುಕ ಭಿಕ್ಷುವೊಬ್ಬನು ಬರಿದಲೆಯಲ್ಲಿ ನಿಂತು ಅಣಬೆ ಒಣಗಹಾಕುತ್ತಿದ್ದನು. ಬೆನ್ನು ಬಿಲ್ಲಿನಂತೆ ಬಾಗಿತ್ತು. ಕೈಕೆಳಗಿನವರಿಂದ ಈ ಕೆಲಸ ಮಾಡಿಸಬಾರದೇ ಎಂದು ದೋಗೆನ್ ಕೇಳಿದನು. ಅವರು ಮಾಡಿದರೆ ತಾನು ಮಾಡಿದಂತಾಗದು ಎಂದನು ಮುದುಕ. ಇಷ್ಟು ಬಿಸಿಲಿನಲ್ಲಿ ಏಕೆ ಎಂದು ಮತ್ತೆ ಕೇಳಿದ್ದಕ್ಕೆ, ಈಗಲ್ಲದೆ ಇನ್ನಾವ ಹೊತ್ತಿಗೆ ಕಾಯಲಿ ಎಂಬರ್ಥದ ಮಾತು ಬಂದಿತು. ತರುಣನು ಮೌನವಾದನು. ಊರಿಗೆ ಮರಳಿದ ಮೇಲೆ, 1237ರಲ್ಲಿ, ವಿಹಾರದ ಅಡುಗೆಯವನ ಕರ್ತವ್ಯವನ್ನೇ ವಿಷಯವಾಗಿಟ್ಟುಕೊಂಡು ಅವನು ಒಂದು ಗ್ರಂಥ ರಚಿಸಿದನು. ಅಕ್ಕಿ ತೊಳೆಯುವಾಗ ಕಲ್ಲು ಆರಿಸುವುದರಿಂದ ಹಿಡಿದು ಸೌಟು ಇಡುವ ಜಾಗದವರೆಗೆ ಅದರಲ್ಲಿ ವಿಧಿಯುಂಟು. ಅಡುಗೆಯ ಅಧಿಕಾರ ಅಲ್ಲಿ ಅನುಭವಿಗಳಾದ ಹಿರಿಯ ಭಿಕ್ಷುಗಳಿಗೆ ಸಲ್ಲುವಂಥದು. ಮಠದ ದಾಸೋಹದ ಒಲೆಯ ಬಳಿ ಬೆಳೆದ ನಮ್ಮಂಥವರಿಗೆ ಈ ಪ್ರಸಂಗ ಓದಿದಾಗ ಪರಕೀಯವೆನಿಸದು. ಆದರೆ ‘ಇದು ನಮ್ಮ ಕಾಯಕವೇ’ ಎಂದು ಅವಸರದಿಂದ ಸಾರುವುದು ಸಲ್ಲ. ಅವರದು ಸಂಸಾರ ತೊರೆದ ಭಿಕ್ಷುಸಂಘದ ಶಿಸ್ತು. ಶರಣರದು ಸಂಸಾರಿಗಳಾದ ಕಸುಬುದಾರರ ಮಾರ್ಗ. ಹೋಲಿಕೆಯ ಸಂತೋಷ ಭೇದವನ್ನು ನುಂಗಬಾರದು.

ಹೊರಗಿನವರು ಎಡವುವುದು ಇಂಥ ಅವಸರದಲ್ಲೇ. ಚಹಾಕುಟೀರದ ಶಾಂತಿಯನ್ನು ವರ್ಣಿಸುವವರು ಅದರ ಒಡೆಯನ ಅಂತ್ಯವನ್ನು ಹೇಳದೆ ಮುಗಿಸುತ್ತಾರೆ. ರಿಕ್ಯೂ ಸೇವೆ ಮಾಡುತ್ತಿದ್ದುದು ಟೊಯೊಟೊಮಿ ಹಿದೆಯೋಶಿ ಎಂಬ ಅಧಿರಾಜನಲ್ಲಿ. ಮಣ್ಣಿನ ಗೋಡೆಯ ಕುಟೀರದಲ್ಲಿ ಕುಳಿತ ಅದೇ ಒಡೆಯನು ಚಿನ್ನದ ತಗಡು ಹೊದಿಸಿದ ಚಹಾಕೋಣೆಯನ್ನೂ ಮಾಡಿಸಿಕೊಂಡಿದ್ದನು. 1591ರಲ್ಲಿ ಅವನ ಆಜ್ಞೆಯಂತೆ, ಎಪ್ಪತ್ತರ ಹೊಸ್ತಿಲಲ್ಲಿದ್ದ ರಿಕ್ಯೂ ಹೊಟ್ಟೆ ಸೀಳಿಕೊಂಡು ಸಾಯಬೇಕಾಯಿತು. ಮರುವರ್ಷ ಹಿದೆಯೋಶಿಯ ಸೈನ್ಯ ಕೊರಿಯಾದ ಮೇಲೆ ಬಿದ್ದಿತು. ಹಿಂದಿರುಗುವಾಗ ಅಲ್ಲಿಯ ಕುಂಬಾರರನ್ನೇ ಸೆರೆಹಿಡಿದು ತಂದಿತು. ಸರಳತೆಯ ಪರಮಾವಧಿಯೆಂದು ಚಹಾಗುರುಗಳು ಕೊಂಡಾಡುವ, ಇಂದು ಕ್ಯೋತೋದ ದೈತೋಕುಜಿಗೆ ಸೇರಿದ ಕೊಹೊಆನ್‌ನಲ್ಲಿರುವ ‘ಕಿಝಾಎಮೊನ್’ ಬಟ್ಟಲು ಕೊರಿಯಾದಲ್ಲಿ ಆದದ್ದು. 1931ರಲ್ಲಿ ಅದನ್ನು ಕಂಡ ಯಾನಾಗಿ ಸೋಎತ್ಸು, ಹೆಸರಿಲ್ಲದ ಬಡ ಕುಂಬಾರನು ಬಡವರ ಊಟಕ್ಕೆ ಮಾಡಿದ ಬಟ್ಟಲಿದು ಎಂದು ಭಾವಿಸಿದನು.

ಜರ್ಮನಿಯ ಯೂಗೆನ್ ಹೆರಿಗೆಲ್ ಸೆಂದಾಯ್ ನಗರದಲ್ಲಿ ಐದಾರು ವರ್ಷ ಬಿಲ್ಲುವಿದ್ಯೆ ಕಲಿತು 1948ರಲ್ಲಿ ಬರೆದ ಪುಸ್ತಕ, ಬಿಲ್ಲುವಿದ್ಯೆಯೇ ಝೆನ್ ಎಂಬ ನಂಬಿಕೆಯನ್ನು ಲೋಕದಲ್ಲೆಲ್ಲ ಹಬ್ಬಿಸಿತು. ಅವನ ಗುರು ಆವಾ ಕೆನ್ಝೋ ಝೆನ್ ಸಾಧಕನೇ ಆಗಿರಲಿಲ್ಲವೆಂದೂ, ಗುರುಶಿಷ್ಯರ ನಡುವೆ ದುಭಾಷಿಯ ಮೂಲಕ ಬಂದ ಮಾತುಗಳಲ್ಲಿ ತಪ್ಪುಗ್ರಹಿಕೆಗೆ ಎಡೆಯಿತ್ತೆಂದೂ ಜಪಾನೀ ವಿದ್ವಾಂಸ ಯಮಾದಾ ಶೋಜಿ ಎತ್ತಿ ತೋರಿಸಿದ್ದಾನೆ. ಅಹಂಕಾರ ನಿರಸನದ ಬಗೆಗೆ ಅಷ್ಟು ಬರೆದ ಹೆರಿಗೆಲ್ 1937ರಲ್ಲಿ ನಾಜಿ ಪಕ್ಷದ ಸದಸ್ಯನಾದನೆಂಬುದನ್ನು ಓದುಗರು ತಿಳಿದಿರುವುದು ಒಳಿತು. ಝೆನ್ ಪೀಠಗಳೂ ನಿಷ್ಕಳಂಕವಾಗಿ ಉಳಿಯಲಿಲ್ಲ. ಮಹಾಯುದ್ಧದ ಕಾಲದಲ್ಲಿ ಅನೇಕ ಗುರುಗಳು ಸೈನ್ಯದ ಬೆನ್ನಿಗೆ ನಿಂತರು. ಸೋತೋ ಪಂಥ 1992ರಲ್ಲಿ ಬಹಿರಂಗವಾಗಿ ಪಶ್ಚಾತ್ತಾಪ ಸೂಚಿಸಿತು. ಈ ಕಹಿ ಇತಿಹಾಸವನ್ನು 1997ರಲ್ಲಿ ಪುಸ್ತಕವಾಗಿಸಿದವನು ಬ್ರಯನ್ ವಿಕ್ಟೋರಿಯಾ, ಅದೇ ಪಂಥದ ದೀಕ್ಷೆ ಪಡೆದ ಅಮೆರಿಕದವನು. ಅವನೂ ಹೊರಗಿನಿಂದ ಬಂದು ಒಲಿದವನೇ. ಒಲಿದವನೇ ಕೇಳಬಹುದಾದ ಪ್ರಶ್ನೆಗಳನ್ನು ಅವನು ಕೇಳಿದನು.

ಇನ್ನು ‘ಇಕಿಗೈ’ ಎಂಬ ಮಾತಿಗೆ ಬರೋಣ. ‘ಇಕಿ’ ಎಂದರೆ ಬಾಳುವಿಕೆ, ‘ಕೈ’ ಎಂದರೆ ಸಾರ್ಥಕತೆ. ಸಮಾಸದಲ್ಲಿ ‘ಗೈ’ ಆಗುತ್ತದೆ. ಜಪಾನೀಯರಿಗೆ ಅದು ನಿತ್ಯದ ಮಾತು. ಮೊಮ್ಮಗಳೇ ತನ್ನ ಇಕಿಗೈ ಎಂದು ಅಜ್ಜಿಯೊಬ್ಬಳು ಹೇಳಬಹುದು. ನಮ್ಮ ಮಕ್ಕಳ ಮೊಬೈಲುಗಳಲ್ಲಿ ಓಡಾಡುವ ನಾಲ್ಕು ವೃತ್ತಗಳ ಚಿತ್ರ—ಇಷ್ಟವಾದದ್ದು, ಬಲ್ಲದ್ದು, ಲೋಕಕ್ಕೆ ಬೇಕಾದದ್ದು, ಹಣ ತರುವಂಥದ್ದು—ಜಪಾನಿನದಲ್ಲ. ಸ್ಪೇನಿನವನೊಬ್ಬನು ಬೇರೆ ಸಂದರ್ಭಕ್ಕೆ ಬರೆದ ಚಿತ್ರದ ನಡುವೆ 2014ರಲ್ಲಿ ಬ್ರಿಟನ್ನಿನವನೊಬ್ಬನು ಈ ಪದವನ್ನು ಕೂರಿಸಿದನು. ಸಂಬಳವಿಲ್ಲದಿದ್ದರೆ ಸಾರ್ಥಕತೆಯೂ ಪೂರ್ಣವಲ್ಲ ಎಂದು ಆ ಅಜ್ಜಿಗೆ ಯಾರು ಹೇಳಬೇಕು?

ಈ ಪದವನ್ನು ಗಂಭೀರ ಚಿಂತನೆಗೆ ತಂದವರು ಕಾಮಿಯಾ ಮಿಎಕೊ ಎಂಬ ಮನೋವೈದ್ಯೆ. 1914ರಲ್ಲಿ ಹುಟ್ಟಿದ ಆಕೆ ತಾರುಣ್ಯದಲ್ಲಿ ಕ್ಷಯರೋಗದಿಂದ ಬಳಲಿ ಬದುಕಿದವರು. ವಿದ್ಯಾರ್ಥಿನಿಯಾಗಿದ್ದಾಗ ಕುಷ್ಠರೋಗಿಗಳ ಆಸ್ಪತ್ರೆಯೊಂದನ್ನು ಕಂಡದ್ದು ಅವರ ಮನಸ್ಸನ್ನು ವೈದ್ಯಕೀಯಕ್ಕೆ ತಿರುಗಿಸಿತು. 1957ರಿಂದ ಒಕಾಯಾಮಾ ಪ್ರಾಂತದ ನಾಗಾಶಿಮಾ ದ್ವೀಪದ ಐಸೇಯೆನ್ ಕುಷ್ಠನಿವಾಸಕ್ಕೆ ಹೋಗಿ ರೋಗಿಗಳ ಮನಸ್ಸನ್ನು ಅಭ್ಯಸಿಸತೊಡಗಿದರು. ಅಲ್ಲಿದ್ದವರು ಕಾನೂನಿನ ಬಲದಿಂದ ಮನೆಮಠಗಳಿಂದ ಬೇರ್ಪಟ್ಟವರು. ಅನೇಕರು ಕುಟುಂಬಕ್ಕೆ ಕಳಂಕ ತಟ್ಟದಿರಲೆಂದು ಹೆಸರನ್ನೇ ಬದಲಿಸಿಕೊಂಡಿದ್ದರು; ಮದುವೆಯಾಗಬೇಕಾದರೆ ಸಂತಾನಹರಣದ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಿತ್ತು. ಬದುಕಿನಲ್ಲಿ ಏನೂ ಉಳಿದಿಲ್ಲವೆಂದವರು ಬಹಳ. ಆದರೆ ಅದೇ ಗೋಡೆಗಳ ನಡುವೆ, ಅದೇ ರೋಗದಲ್ಲಿ, ಕೆಲವರು ಬೆಳಕಾಗಿ ಬಾಳುತ್ತಿದ್ದರು. ಈ ಭೇದವೇಕೆ ಎಂಬ ಪ್ರಶ್ನೆ ವೈದ್ಯೆಯನ್ನು ಬಿಡಲಿಲ್ಲ. 1966ರಲ್ಲಿ ಪ್ರಕಟವಾದ ‘ಇಕಿಗೈಯನ್ನು ಕುರಿತು’ ಎಂಬ ಅವರ ಗ್ರಂಥ ಹುಟ್ಟಿದ್ದು ಹೀಗೆ. ಜಪಾನಿನಲ್ಲಿ ಅದನ್ನು ಇಂದಿಗೂ ಓದುತ್ತಾರೆ. ಹೊರನಾಡಿನ ಸಾಮಾನ್ಯ ಓದುಗರಲ್ಲಿ ಅದರ ಹೆಸರು ಕೇಳಿದವರು ವಿರಳ.

ರೋಗಿಗಳನ್ನು ದೂರವಿಟ್ಟ ಆ ಕಾನೂನನ್ನು ಕಾಮಿಯಾ ಅವರು ಸಾಕಷ್ಟು ಪ್ರಶ್ನಿಸಲಿಲ್ಲವೆಂಬ ಆಕ್ಷೇಪವೂ ಜಪಾನಿನಲ್ಲಿದೆ. ಅದನ್ನು ನಾವು ತಳ್ಳಿಹಾಕಲಾರೆವು. ರೋಗಕ್ಕೆ ಪರಿಣಾಮಕಾರಿ ಔಷಧಿ 1940ರ ದಶಕದಲ್ಲೇ ಬಂದಿದ್ದರೂ ಕಾನೂನು ರದ್ದಾದದ್ದು 1996ರಲ್ಲಿ. 2001ರಲ್ಲಿ ಕುಮಾಮೊತೊ ನ್ಯಾಯಾಲಯವು ಆ ನೀತಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಸರ್ಕಾರ ಮೇಲ್ಮನವಿ ಸಲ್ಲಿಸದೆ ಕ್ಷಮೆ ಕೋರಿತು.

ನಾಗಾಶಿಮಾ ದ್ವೀಪಕ್ಕೂ ಆಚೆಯ ನೆಲಕ್ಕೂ ನಡುವೆ ಇರುವ ಕಡಲ ಕಾಲುವೆ, ಅತ್ಯಂತ ಕಿರಿದಾದ ಕಡೆಯಲ್ಲಿ, ಕೆಲವೇ ಮಾರುಗಳಷ್ಟು ಅಗಲ. ಅಲ್ಲಿಯ ನಿವಾಸಿಗಳು ವರ್ಷಗಟ್ಟಲೆ ಬೇಡಿದ ಮೇಲೆ ಅದಕ್ಕೊಂದು ಸೇತುವೆಯಾದದ್ದು 1988ರಲ್ಲಿ, ಕಾಮಿಯಾ ಅವರು ತೀರಿಹೋಗಿ ಒಂಬತ್ತು ವರ್ಷಗಳಾದ ಮೇಲೆ. ಕಳೆದುಕೊಂಡ ಮನುಷ್ಯತ್ವವನ್ನು ಮರಳಿ ಪಡೆದ ಸೇತುವೆ ಎಂದೇ ಅವರು ಅದನ್ನು ಕರೆದರು.