ಪ್ರಾಜೆಕ್ಟ್ ರೆಡಿಮೇಡ್ ಸಿಗುತ್ತೆ, ಪ್ರಶ್ನೆ ಸಿಗಲ್ಲ!

ಭಾನುವಾರ ರಾತ್ರಿ ಬಸವೇಶ್ವರನಗರದ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಒಂಬತ್ತನೇ ಕ್ಲಾಸ್ ಓದುವ ಅಕ್ಕನ ಮಗಳು ಫೋನ್ ಹಿಡಿದು ಬಂದಳು. "ಮಾಮ, ವೃಷಭಾವತಿ ನದಿ ಪ್ರಾಜೆಕ್ಟ್ ಮುಗೀತು. ಎಐ ಎರಡೇ ನಿಮಿಷದಲ್ಲಿ ಬರೆದುಕೊಡ್ತು. ಪ್ರಿಂಟ್ ಹಾಕಿಸ್ಕೊಡ್ತೀಯಾ?"

ಆರು ಪುಟ, ಒಂದೂ ತಪ್ಪಿಲ್ಲದ ಇಂಗ್ಲಿಷ್. "ಈ ನದಿ ಎಲ್ಲಿದೆ ಪುಟ್ಟಿ?" ಅಂದೆ. ಸುಮ್ಮನಾದಳು. ಕೆಂಗೇರಿಯ ನಮ್ಮ ಮನೆಗೆ ಬರುವಾಗೆಲ್ಲ ಮೂಗು ಮುಚ್ಚಿಕೊಳ್ಳೋ 'ಕೆಂಗೇರಿ ಮೋರಿ'ಯೇ ಆ ನದಿ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಬೈಯೋಣ ಅಂದ್ರೆ ನನಗೆಲ್ಲಿದೆ ಮುಖ? ನನ್ನ ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟನ್ನೂ ನಾವು ನಾಲ್ವರು ದುಡ್ಡು ಹಾಕಿ ಕೊಂಡುಕೊಂಡಿದ್ವಿ. ವೈವಾದಲ್ಲಿ "ಈ ವಿಧಾನವನ್ನೇ ಯಾಕೆ ಆರಿಸಿಕೊಂಡ್ರಿ?" ಅಂತ ಕೇಳಿದಾಗ ನಾಲ್ವರೂ ನೆಲ ನೋಡಿದ್ವಿ. ಮಾರ್ಕ್ಸ್ ಏನೋ ಬಂತು. ಆದರೆ ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಬಗ್ ಎಲ್ಲಿಂದ ಬಂತು ಅಂತ ಸ್ವಂತ ಹುಡುಕೋಕೆ ಬಾರದೆ ಒದ್ದಾಡಿಬಿಟ್ಟೆ. ಹುಡುಕೋದನ್ನ ನಾನು ಕಲಿತೇ ಇರಲಿಲ್ಲ.

ವಿಷಯ ಬೇರೆ, ಪ್ರಶ್ನೆ ಬೇರೆ

ಪ್ರಾಜೆಕ್ಟ್ ಕೊಡೋಕೆ ಇನ್ನೂ ಹತ್ತು ದಿನ ಇತ್ತು. 'ವೃಷಭಾವತಿ' ಅನ್ನೋದು ವಿಷಯ ಅಷ್ಟೇ, ಅದರಲ್ಲಿ ನಿನ್ನ ಪ್ರಶ್ನೆ ಏನು ಅಂತ ಕೇಳಿದೆ. ತುಂಬಾ ಯೋಚಿಸಿ ಒಂದು ಆರಿಸಿದಳು: ಈ ನದಿ ಹುಟ್ಟೋದು ಎಲ್ಲಿ?

ಹುಡುಕಿದರೆ ಎರಡು ಉತ್ತರ ಸಿಕ್ಕವು. ಒಂದು ಕಡೆ, ಬಸವನಗುಡಿಯ ದೊಡ್ಡ ಬಸವಣ್ಣನ ದೇವಸ್ಥಾನದ ಹತ್ತಿರ ಅಂತಿತ್ತು. ಇನ್ನೊಂದು ಕಡೆ, ಮಲ್ಲೇಶ್ವರದಲ್ಲಿ ಕಾಡು ಮಲ್ಲೇಶ್ವರನ ಎದುರಿಗಿರುವ ನಂದಿ ತೀರ್ಥ ಅಂತಿತ್ತು. "ಯಾವುದು ಕರೆಕ್ಟ್ ಮಾಮ?" ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ.

ಶನಿವಾರ ಎರಡೂ ಕಡೆ ಹೋದ್ವಿ. ನಂದಿ ತೀರ್ಥದಲ್ಲಿ ನಂದಿಯ ಬಾಯಿಂದ ನೀರು ಶಿವಲಿಂಗದ ಮೇಲೆ ಬೀಳೋದನ್ನ ನೋಡಿ ಬರೆದುಕೊಂಡಳು. ಮನೆಗೆ ಬಂದು ಮ್ಯಾಪಿನಲ್ಲಿ ರಾಜಕಾಲುವೆಗಳ ಜಾಡು ಹಿಡಿದಳು. ಎರಡೂ ಕಡೆಯ ಹರಿವು ಮೈಸೂರು ರಸ್ತೆಯ ಕಡೆಗೇ ಇಳಿಯುತ್ತೆ. ಅಲ್ಲಿಂದ ಕೆಂಗೇರಿ, ಬಿಡದಿ ಹತ್ತಿರದ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ.

ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಮಾಮ, ನನ್ನ ಪ್ರಶ್ನೆನೇ ತಪ್ಪು. 'ಎಲ್ಲಿ' ಅಲ್ಲ, 'ಎಲ್ಲೆಲ್ಲಿ' ಅಂತ ಕೇಳಬೇಕಿತ್ತು."

ಎಐ ಕೊಟ್ಟ ಆರು ಪುಟದಲ್ಲಿ ಈ ಮಾತು ಇರಲಿಲ್ಲ.

ಮನೆಯಲ್ಲೇ ಶುರು ಮಾಡಿ

ಇದೇನೂ ಹೊಸದಲ್ಲ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದ ಮಕ್ಕಳಿಂದ ಮಾಡಿಸಿದ್ದು ಇದನ್ನೇ. ನಿಮ್ಮೂರಿನ ಒಂದು ಸಮಸ್ಯೆ ತಗೊಳ್ಳಿ, ನೀವೇ ನೋಡಿ, ಅಳೆಯಿರಿ, ಬರೆಯಿರಿ. ನಮ್ಮ ರಾಜ್ಯದಲ್ಲಿ ಅದನ್ನು ಮಕ್ಕಳವರೆಗೆ ತಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಮನೆಯಲ್ಲಿ ನಾವು ಮಾಡಬಹುದಾದ್ದು ಇಷ್ಟು:

• ನಡೆದೋ ಮೆಟ್ರೋದಲ್ಲೋ ಹೋಗಿ ನೋಡಬಹುದಾದ ಪ್ರಶ್ನೆ ಆರಿಸಲಿ. ನೀರು, ಚರಂಡಿ ಹತ್ತಿರ ಆದರೆ ದೊಡ್ಡವರು ಜೊತೆಗಿರಿ.

• ಒಂದೇ ಉತ್ತರಕ್ಕೆ ನಿಲ್ಲಬಾರದು. ಪುಸ್ತಕ, ಬೀದಿಯ ಹಿರಿಯರು, ಕಣ್ಣಾರೆ ಕಂಡದ್ದು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲಿ.

• ಪ್ರತಿ ಮಾತಿನ ಮುಂದೆ ಅದು ಎಲ್ಲಿ ಸಿಕ್ಕಿತು ಅಂತ ಬರೆಯಲಿ.

• ಎಐ ಬೇಡ ಅನ್ನಬೇಡಿ. ಅದು ಹೇಳಿದ್ದು ನಿಜಾನಾ ಅಂತ ಪರೀಕ್ಷೆ ಮಾಡೋ ಕೆಲಸ ಕೊಡಿ.

ಕೊನೆಗೆ ಅವಳು ಕೊಟ್ಟದ್ದು ಎರಡೇ ಪುಟ ಮತ್ತು ಕೈಯಲ್ಲಿ ಬರೆದ ಒಂದು ಮ್ಯಾಪ್. ಹತ್ತಕ್ಕೆ ಏಳು ಬಂತು. ಕಲರ್ ಪ್ರಿಂಟ್ ಹಾಕಿಸಿದವರಿಗೆ ಒಂಬತ್ತು! ಸ್ವಲ್ಪ ಅತ್ತಳು, ನನಗೂ ಬೇಜಾರಾಯ್ತು.

ಮುಂದಿನ ವಾರ ಇಬ್ಬರೂ ಮೆಟ್ರೋದಲ್ಲಿ ಬರುತ್ತಿದ್ವಿ. ನಾಯಂಡಹಳ್ಳಿ ದಾಟುತ್ತಲೇ ಕಿಟಕಿಗೆ ಮುಖ ಒತ್ತಿ ಕೇಳಿದಳು: "ಮಾಮ, ಈ ನೊರೆ ಬೆಳಿಗ್ಗೆ ಜಾಸ್ತಿನಾ, ಸಂಜೆ ಜಾಸ್ತಿನಾ?"

ಗೂಗಲ್ ಮಾಡು ಅನ್ನೋ ಮಾತು ಬಾಯಿ ತುದಿಗೆ ಬಂದಿತ್ತು. ತಡೆದುಕೊಂಡು, "ನಾಳೆ ಬೆಳಿಗ್ಗೆ ಬಂದು ನೋಡೋಣ್ವಾ?" ಅಂದೆ.