ಅಪರೂಪಕ್ಕೆ ಬರೆಯುವವರಿಗೊಂದು ಚೌಕಟ್ಟು

ನಮ್ಮ ಓದುಗರಲ್ಲಿ ಹಿರಿಯರಾದವರಿಗೆ ಅಂಚೆಯ ಮನಿಯಾರ್ಡರ್ ಫಾರಮು ನೆನಪಿರದೆ ಇರಲಾರದು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ತಿಂಗಳ ಕೊನೆಗೆ ಊರಿಗೆ ಹಣ ಕಳುಹಿಸುತ್ತಿದ್ದವನು ಉದ್ದನೆಯ ಪತ್ರ ಬರೆಯಲು ಅಳುಕುವವನಾಗಿದ್ದರೂ ಆ ಫಾರಮನ್ನು ತುಂಬಬಲ್ಲವನಾಗಿದ್ದನು. ಹಣ ಎಷ್ಟು, ಯಾರಿಗೆ, ಯಾವ ಊರು, ಕಳುಹಿಸುವವರು ಯಾರು ಎಂಬ ಪ್ರತಿಯೊಂದಕ್ಕೂ ಅದರದರ ಸ್ಥಳವಿತ್ತು. ಕೊನೆಗೆ ಎರಡು ಸಾಲು ಕ್ಷೇಮಸಮಾಚಾರಕ್ಕೂ ಎಡೆಯಿತ್ತು. ಬರೆಯುವವನು ವಿಷಯವನ್ನು ಬಲ್ಲವನಾಗಿದ್ದರೆ ಸಾಕು. ಕ್ರಮವನ್ನು ಫಾರಮೇ ನೋಡಿಕೊಳ್ಳುತ್ತಿತ್ತು. ಇಂದು ದೊಡ್ಡ ಸಂಸ್ಥೆಗಳ ಗಣಕಯಂತ್ರಗಳಲ್ಲಿ ನಡೆದಿರುವ ಒಂದು ಪ್ರಯತ್ನದ ತಿರುಳೂ ಇದೇ ಆಗಿದೆ.

ಯಾವುದೇ ಸಂಸ್ಥೆಯಲ್ಲಿ ಬರೆಯುವವರು ಎರಡು ಬಗೆ. ಬರವಣಿಗೆಯೇ ಕಸುಬಾಗಿರುವ ಕೆಲವರು ಒಂದೆಡೆ. ಆರು ತಿಂಗಳಿಗೊಮ್ಮೆ, ಅದೂ ಮೇಲಧಿಕಾರಿಯ ಒತ್ತಾಯಕ್ಕಾಗಿ, ತಮ್ಮ ಕೆಲಸದ ಕ್ರಮವನ್ನು ಬರೆದುಕೊಡುವ ಇಂಜಿನಿಯರು, ಉಗ್ರಾಣಿಕ, ಗುಮಾಸ್ತ, ಅಡಿಗೆಯ ಮುಖ್ಯಸ್ಥ ಮೊದಲಾದವರು ಇನ್ನೊಂದೆಡೆ. ನಿಜವಾದ ತಿಳಿವಳಿಕೆ ಇರುವುದು ಈ ಎರಡನೆಯವರಲ್ಲಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ದೊಡ್ಡ ಕ್ಯಾಂಟೀನಿನಲ್ಲಿ ಹಿಟ್ಟು ರುಬ್ಬುವ ವಿದ್ಯುತ್ ಗ್ರೈಂಡರಿದೆ. ಅದನ್ನು ತೊಳೆಯುವ ಮುನ್ನ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಇಲ್ಲವಾದರೆ ಇನ್ನೊಬ್ಬನು ಅರಿಯದೆ ಸ್ವಿಚ್ ಒತ್ತಿಯಾನು ಎಂಬುದು ಇಪ್ಪತ್ತು ವರ್ಷ ದುಡಿದ ಭಟ್ಟರಿಗೆ ಗೊತ್ತು. ಅದನ್ನು ಬರೆದುಕೊಡಿರೆಂದು ಕಚೇರಿ ಕೇಳುತ್ತದೆ. ಭಟ್ಟರು ಹೇಳುತ್ತಾರೆ, ಗುಮಾಸ್ತನು ಬರೆಯುತ್ತಾನೆ. ಎಚ್ಚರಿಕೆಯ ಮಾತು ಎರಡನೆಯ ಪುಟದ ನಡುವೆ ಎಲ್ಲಿಯೋ ಸೇರಿಹೋಗುತ್ತದೆ. ಅದೇ ಮಾತು ತರಬೇತಿಯ ಪುಸ್ತಕದಲ್ಲಿ, ಗೋಡೆಯ ಫಲಕದಲ್ಲಿ, ದುರಸ್ತಿಯ ಕಡತದಲ್ಲಿ ಬೇರೆಬೇರೆಯಾಗಿ ನಕಲಾಗುತ್ತದೆ. ಮುಂದೆ ಯಂತ್ರ ಬದಲಾದಾಗ ಒಂದು ಕಡೆ ತಿದ್ದಿ ಉಳಿದ ಕಡೆ ಮರೆಯುತ್ತಾರೆ. ಹೊಸದಾಗಿ ಸೇರಿದ ಹುಡುಗನು ಹಳೆಯ ಹಾಳೆಯನ್ನು ನಂಬಿ ಕೈಯಿಟ್ಟರೆ ಹೋಗುವುದು ಅವನ ಬೆರಳು. ಕಾಗದದ ಕ್ರಮವೆಂಬುದು ಕೇವಲ ಅಂದಚೆಂದದ ಮಾತಲ್ಲವೆಂದು ನಾವು ಹೇಳುವುದು ಇದಕ್ಕಾಗಿಯೇ.

ಈ ತೊಡಕಿಗೆ ಪರಿಹಾರವನ್ನು ಹುಡುಕುವ ಕೆಲಸ ಇಂದು ನಿನ್ನೆಯದಲ್ಲ. 1969ರಲ್ಲಿ ಐಬಿಎಂ ಸಂಸ್ಥೆಯ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಒಂದು ಗುರುತುಭಾಷೆಯನ್ನು ರೂಪಿಸಿದರು. ಅದಕ್ಕೆ ಬಂದ ಜಿಎಂಎಲ್ ಎಂಬ ಹೆಸರು ಈ ಮೂವರ ಹೆಸರುಗಳ ಮೊದಲಕ್ಷರಗಳೂ ಹೌದು. ಅಕ್ಷರ ದಪ್ಪವೋ ತೆಳುವೋ ಎಂದು ಗುರುತಿಸುವ ಬದಲು, ಇದು ಶೀರ್ಷಿಕೆ, ಇದು ಪಟ್ಟಿ ಎಂದು ಮಾತಿನ ಪಾತ್ರವನ್ನೇ ಗುರುತಿಸುವುದು ಅದರ ತತ್ತ್ವ. 1986ರಲ್ಲಿ ಇದರಿಂದ ಹುಟ್ಟಿದ ಎಸ್‌ಜಿಎಂಎಲ್ ಅಂತರರಾಷ್ಟ್ರೀಯ ಮಾನಕವಾಯಿತು. 1998ರಲ್ಲಿ ಅದರ ಸರಳ ರೂಪವಾದ ಎಕ್ಸ್‌ಎಂಎಲ್ ಹೊರಬಂದಿತು. ಐಬಿಎಂನಲ್ಲಿಯೇ ಬೆಳೆದ ಡಿಟಾ ಎಂಬ ಪದ್ಧತಿಯನ್ನು 2005ರಲ್ಲಿ ಓಯಸಿಸ್ ಎಂಬ ಮಾನಕ ಸಂಸ್ಥೆ ಅಂಗೀಕರಿಸಿತು. ಈ ಪದ್ಧತಿಯಲ್ಲಿ ಒಂದು ಕೆಲಸವನ್ನು ಬರೆಯುವಾಗ, ಮೊದಲು ಬೇಕಾದ ಸಿದ್ಧತೆ, ಆಮೇಲೆ ಒಂದೊಂದೇ ಹೆಜ್ಜೆ, ಕಡೆಗೆ ಫಲ ಎಂದು ಕ್ರಮವಿದೆ. ಎಚ್ಚರಿಕೆಗೆ ಅದರದೇ ಗುರುತಿದೆ. ಒಂದೆಡೆ ಬರೆದಿಟ್ಟ ಎಚ್ಚರಿಕೆಯನ್ನು ಬೇಕಾದೆಡೆಗೆಲ್ಲ ತರಿಸಿಕೊಳ್ಳಬಹುದಾದುದರಿಂದ, ಮೂಲವನ್ನು ತಿದ್ದಿ ಮತ್ತೆ ಪ್ರಕಟಿಸಿದರೆ ಎಲ್ಲ ಕಡೆಯೂ ತಿದ್ದಿದಂತಾಗುತ್ತದೆ.

ಪದ್ಧತಿ ಒಳ್ಳೆಯದೇ, ಆದರೆ ಬಳಸುವವನಿಗೆ ಭಾರವಾಯಿತು. ಡಿಟಾದಲ್ಲಿ ಟ್ಯಾಗ್ ಎಂದು ಕರೆಯುವ ಗುರುತುಗಳು ನೂರಾರು. ದಿನವೂ ಬಳಸುವವನಿಗೆ ಅವು ಕೈಗೆ ಹತ್ತುತ್ತವೆ. ಆರು ತಿಂಗಳಿಗೊಮ್ಮೆ ಬರೆಯುವವನು ತರಬೇತಿ ಪಡೆದರೂ ಮುಂದಿನ ಸಲಕ್ಕೆ ಮರೆತಿರುತ್ತಾನೆ. ಕೊನೆಗೆ ಅವನು ತನಗೆ ತಿಳಿದ ವರ್ಡ್ ತಂತ್ರಾಂಶದಲ್ಲಿಯೇ ಬರೆದು ಕಳುಹಿಸುತ್ತಾನೆ. ಇನ್ನೊಬ್ಬನು ಅದನ್ನು ಚೌಕಟ್ಟಿಗೆ ಇಳಿಸುತ್ತಾನೆ. ಕೈ ಬದಲಾದಂತೆ ತಪ್ಪು ನುಸುಳುತ್ತದೆ.

ಆದುದರಿಂದ ಈಗ ಸರಳೀಕರಣದ ಕಡೆಗೆ ದೃಷ್ಟಿ ಹೊರಳಿದೆ. ಒಂದು ದಾರಿಯೆಂದರೆ ಗುರುತುಗಳನ್ನು ತೆರೆಯ ಹಿಂದೆ ಅಡಗಿಸಿಡುವುದು. ಹಾಲೆಂಡಿನ ಫಾಂಟೋ, ರುಮೇನಿಯದ ಆಕ್ಸಿಜನ್ ವೆಬ್ ಆಥರ್ ಮುಂತಾದ ತಂತ್ರಾಂಶಗಳು ಬ್ರೌಸರಿನಲ್ಲಿಯೇ ತೆರೆದುಕೊಳ್ಳುತ್ತವೆ. ಬರೆಯುವವನಿಗೆ ಕಾಣುವುದು ಸಾಮಾನ್ಯ ಪುಟ. ಎಲ್ಲಿ ಏನು ಬರಬಹುದೋ ಅದನ್ನು ಮಾತ್ರ ತಂತ್ರಾಂಶ ಮುಂದಿಡುತ್ತದೆ. ಎರಡನೆಯ ದಾರಿ ಗುರುತುಗಳನ್ನೇ ಕಡಿಮೆ ಮಾಡುವುದು. ಓಯಸಿಸ್ ಪರಿಚಯಿಸಿದ ಲೈಟ್‌ವೆಯ್ಟ್ ಡಿಟಾದಲ್ಲಿ ಅವು ಸುಮಾರು 50ಕ್ಕೆ ಇಳಿದಿವೆ. ಅದರ ಒಂದು ರೂಪವು ಜಾನ್ ಗ್ರೂಬರ್ ಎಂಬವರು 2004ರಲ್ಲಿ ಪ್ರಕಟಿಸಿದ ಮಾರ್ಕ್‌ಡೌನ್ ಪದ್ಧತಿಯನ್ನು ಆಶ್ರಯಿಸಿದೆ. ಅದರಲ್ಲಿ ಸಾಲಿನ ಮೊದಲಿಗೊಂದು ಚಿಹ್ನೆಯಿಟ್ಟರೆ ಶೀರ್ಷಿಕೆ, ಗೀಟೆಳೆದರೆ ಪಟ್ಟಿ. ಹೋಟೆಲಿನ ಮಾಣಿ ಆರ್ಡರು ಬರೆದುಕೊಳ್ಳುವಷ್ಟೇ ಸುಲಭ.

ನಮ್ಮವರು ಗಮನಿಸಬೇಕಾದ ಒಂದು ಸಂಗತಿಯಿದೆ. ಎಕ್ಸ್‌ಎಂಎಲ್ ನಿಂತಿರುವುದು ಯೂನಿಕೋಡ್ ಲಿಪಿಸಂಕೇತದ ಮೇಲೆ. ಆ ಸಂಕೇತದಲ್ಲಿ ಕನ್ನಡಕ್ಕೂ ಸ್ಥಾನವಿದೆ. ಬರೆದ ಭಾಗ ಯಾವ ಭಾಷೆಯದೆಂದು ಗುರುತಿಸಿಡಲೂ ಬರುತ್ತದೆ. ಎಂದ ಮೇಲೆ ಮುಂಬಯಿಯ ಅಡಿಗೆಮನೆಯಲ್ಲಿ ಕನ್ನಡದವನು ತನ್ನ ಮಾತಿನಲ್ಲಿಯೇ ಎಚ್ಚರಿಕೆಯನ್ನು ಬರೆದಿಡುವುದಕ್ಕೆ, ಅದರ ಪಕ್ಕದಲ್ಲಿ ಮರಾಠಿ, ಹಿಂದಿ ಅನುವಾದಗಳು ಇರುವುದಕ್ಕೆ ತಂತ್ರವೇನೂ ಅಡ್ಡಿಯಲ್ಲ. ಅಡ್ಡಿಯಾಗುವುದು ಆಡಳಿತದ ಉದಾಸೀನವೊಂದೇ.

ಆದರೆ ಚೌಕಟ್ಟಿನಿಂದಲೇ ಸತ್ಯ ಹುಟ್ಟುವುದಿಲ್ಲ. ಎಚ್ಚರಿಕೆಗೆಂದು ಬಿಟ್ಟ ಸ್ಥಳದಲ್ಲಿ ‘ಜಾಗ್ರತೆ’ ಎಂದಷ್ಟೇ ಬರೆದರೂ ತಂತ್ರಾಂಶ ಒಪ್ಪಿಕೊಳ್ಳುತ್ತದೆ. ಪ್ಲಗ್ ಕೀಳಬೇಕೆಂಬ ಮಾತು ಬರಬೇಕಾದುದು ಭಟ್ಟರ ಬಾಯಿಂದಲೇ. ಹೊಸ ತಂತ್ರಾಂಶವನ್ನು ಕೊಳ್ಳುವ ಯಜಮಾನರಿಗೆ ನಮ್ಮ ವಿನಂತಿ ಇಷ್ಟೆ: ಅದನ್ನು ನುರಿತವರ ಕೈಯಲ್ಲಿ ಪರೀಕ್ಷಿಸಬೇಡಿರಿ, ಅಪರೂಪಕ್ಕೆ ಬರೆಯುವವನ ಮುಂದಿಡಿರಿ. ಯಾರನ್ನೂ ಕೇಳದೆ ಅವನು ಒಂದು ಪುಟವನ್ನು ಮುಗಿಸಬಲ್ಲನಾದರೆ ಅದು ಸರಳ, ಇಲ್ಲವಾದರೆ ಅಲ್ಲ. ಬರೆದುಕೊಟ್ಟವನ ಹೆಸರೂ ಪುಟದ ಮೇಲಿರಲಿ.

ನಮ್ಮ ದುಡಿಮೆಯ ಬಂಧುಗಳಿಗೂ ಒಂದು ಮಾತು. ಬರೆದುಕೊಡಿರೆಂದು ಕೇಳಿದಾಗ ‘ನಾವೇನು ಬರೆಹಗಾರರೇ?’ ಎಂದು ಹಿಂಜರಿಯಬೇಡಿರಿ. ಮನಿಯಾರ್ಡರ್ ಫಾರಮಿನ ಎರಡು ಸಾಲಿನಲ್ಲಿ ಮನೆಯವರನ್ನು ನೆಮ್ಮದಿಯಾಗಿಟ್ಟ ಕೈಗಳು ನಿಮ್ಮವರವು. ನಾಳೆ ನಿಮ್ಮ ಜಾಗಕ್ಕೆ ಬರುವ ಹುಡುಗನ ಕ್ಷೇಮವೂ ಅಂತಹ ಎರಡು ಸಾಲನ್ನು ಅವಲಂಬಿಸಿರಬಹುದು.